ವಿಮಾನದ ಬಾಗಿಲೂ ವಾಯುಚ್ಛಿದ್ರಪರೀಕ್ಷೆಯೂ

೧. ವಿಷಯನಿರ್ದೇಶ

ವಿಮಾನದ ಬಾಗಿಲುಗಳ ಸಂದಿನಲ್ಲಿ ಗಾಳಿ ಸೋರುವುದೋ ಇಲ್ಲವೋ ಎಂದು ಪರೀಕ್ಷಿಸುವ ಕ್ರಮವು ಹೇಗೆ ಹುಟ್ಟಿ ಬೆಳೆಯಿತೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದೆ. ಕಾವ್ಯ, ವ್ಯಾಕರಣ, ಶಾಸನಗಳ ಚರ್ಚೆಗೆ ಒಗ್ಗಿದ ವಾಚಕರಿಗೆ ಇದು ಕಮ್ಮಾರಸಾಲೆಯ ಮಾತೆಂದು ತೋರಬಹುದು. ಆದರೆ ಈ ಪರೀಕ್ಷೆಯ ಒಳಗಡೆ ಅಡಗಿರುವ ಪ್ರಶ್ನೆಯು ನಮ್ಮ ಶಾಸ್ತ್ರಕಾರರು ಬಹುಕಾಲ ವಾದಿಸಿದ ಪ್ರಶ್ನೆಯೇ ಆಗಿದೆ. 'ಇದೆ' ಎಂಬುದನ್ನು ಕಣ್ಣು ಕಿವಿಗಳಿಂದ ತಿಳಿಯುತ್ತೇವೆ. 'ಇಲ್ಲ' ಎಂಬುದನ್ನು ಯಾವ ಪ್ರಮಾಣದಿಂದ ತಿಳಿಯುತ್ತೇವೆ? 'ಈ ಬಾಗಿಲಿನಲ್ಲಿ ಛಿದ್ರವಿಲ್ಲ' ಎಂದು ಸಹಿಮಾಡುವವನು ಒಂದು ಅಭಾವಕ್ಕೆ ಸಾಕ್ಷಿಯಾಗಿ ನಿಲ್ಲುತ್ತಾನೆ. ಆ ಸಾಕ್ಷ್ಯವನ್ನು ನಂಬಿ ನೂರಾರು ಜನರು ಮೇಘಮಂಡಲದ ಮೇಲಕ್ಕೆ ಹೋಗುತ್ತಾರೆ. ಆದುದರಿಂದ ಅದರ ಬಲಾಬಲವನ್ನು ತೂಗಿ ನೋಡುವುದು ಪಂಡಿತರಿಗೂ ಅನುಚಿತವಾದ ಕೆಲಸವಲ್ಲ.

ವಿಮಾನವೆಂದೊಡನೆ ಪುಷ್ಪಕಾದಿಗಳ ಪ್ರಸ್ತಾಪವನ್ನು ನಿರೀಕ್ಷಿಸುವವರಿಗೆ ಮೊದಲೇ ಒಂದು ಮಾತನ್ನು ಹೇಳಬೇಕಾಗಿದೆ. ಪುರಾಣಗಳ ವಿಮಾನವು ಕವಿಸೃಷ್ಟಿ. ಅದಕ್ಕೆ ಅಲ್ಲಿಯೇ ಗೌರವವುಂಟು. 'ವೈಮಾನಿಕಶಾಸ್ತ್ರ'ವೆಂಬ ಹೆಸರಿನಿಂದ ಪ್ರಚಾರದಲ್ಲಿರುವ ಗ್ರಂಥವು ಇಪ್ಪತ್ತನೆಯ ಶತಮಾನದ ಆದಿಭಾಗದ ರಚನೆಯೆಂದೂ ಅದರಲ್ಲಿ ಹೇಳಿರುವ ಯಂತ್ರಗಳು ಹಾರತಕ್ಕವುಗಳಲ್ಲವೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ೧೯೭೪ರಲ್ಲಿಯೇ ಪರಿಶೋಧಿಸಿ ತೋರಿಸಿರುವರು. ಇಲ್ಲಿ ನಾವು ಹೇಳಹೊರಟಿರುವುದು ಲೋಹದಿಂದ ಮಾಡಿದ, ಸಂದುಗಳುಳ್ಳ, ಸೋರತಕ್ಕ ವಿಮಾನದ ವಿಷಯ.

'ಸಂದು' ಎಂಬ ಮಾತನ್ನೇ ಮೊದಲು ಗಮನಿಸೋಣ. ಇದು 'ಸಂಧಿ' ಶಬ್ದದ ತದ್ಭವ. ಎರಡು ವಸ್ತುಗಳು ಕೂಡುವ ಸ್ಥಾನಕ್ಕೂ ಸಂದು ಎನ್ನುತ್ತೇವೆ. ಅವುಗಳ ನಡುವೆ ಉಳಿಯುವ ಬಿಡುವಿಗೂ ಸಂದು ಎನ್ನುತ್ತೇವೆ. ಕೂಡುವಿಕೆ, ಬಿಡುವು ಎಂಬ ಪರಸ್ಪರ ವಿರುದ್ಧವಾದ ಎರಡು ಅರ್ಥಗಳು ಒಂದೇ ಮಾತಿನಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಎಲ್ಲಿ ಕೂಡಿಸಿದೆಯೋ ಅಲ್ಲಿಯೇ ಬಿಡುವ ಸಂಭವವೂ ಇದೆಯೆಂಬುದು ಲೋಕಾನುಭವ. ವಿಮಾನದಲ್ಲಿ ಇಂತಹ ಸಂದುಗಳಲ್ಲಿ ದೊಡ್ಡದು ಬಾಗಿಲಿನದು. ಏಕೆಂದರೆ ಉಳಿದ ಸಂದುಗಳನ್ನು ಒಮ್ಮೆ ಬೆಸೆದು ಬಿಡುತ್ತಾರೆ, ಬಾಗಿಲಿನ ಸಂದನ್ನು ದಿನಕ್ಕೆ ಹಲವು ಸಲ ತೆರೆದು ಮುಚ್ಚುತ್ತಾರೆ.

೨. ಕಿವಿಯಿಂದ ತಿಳಿದ ಛಿದ್ರ

ಗಾಳಿಗೆ ಒತ್ತಡವುಂಟೆಂಬುದನ್ನೂ ಅದನ್ನು ತಡೆದು ನಿಲ್ಲಿಸುವ ಪಾತ್ರೆ ಎಷ್ಟು ದುರ್ಲಭವೆಂಬುದನ್ನೂ ಒಟ್ಟಿಗೆ ಕಂಡುಕೊಂಡವನು ಜರ್ಮನಿಯ ಮಾಗ್ಡೆಬರ್ಗ್ ಪಟ್ಟಣದ ಪುರಾಧ್ಯಕ್ಷನಾಗಿದ್ದ ಆಟೋ ಫಾನ್ ಗೇರಿಕೆ. ಹದಿನೇಳನೆಯ ಶತಮಾನದ ನಡುವಿನಲ್ಲಿ ಅವನು ಶೂನ್ಯಸ್ಥಾನವನ್ನು ಉಂಟುಮಾಡಬೇಕೆಂದು ಮೊದಲು ಒಂದು ಮರದ ಪೀಪಾಯಿಯಲ್ಲಿ ನೀರನ್ನು ತುಂಬಿ ಆ ನೀರನ್ನು ರೇಚಕಯಂತ್ರದಿಂದ ಹೊರಕ್ಕೆ ಎಳೆಸಿದನು. ನೀರು ಹೊರಬಂದಂತೆಲ್ಲ ಪೀಪಾಯಿಯೊಳಗಿನಿಂದ ಕುದಿಯುವಂತಹ ಸದ್ದು ಕೇಳಿಸಿತು. ಮರದ ಸೂಕ್ಷ್ಮರಂಧ್ರಗಳಲ್ಲಿ ಹೊರಗಿನ ಗಾಳಿ ಒಳನುಗ್ಗುತ್ತಿತ್ತು. ಅನಂತರ ತಾಮ್ರದ ಗೋಳವನ್ನು ಮಾಡಿಸಿದನು. ಅದು ಹೊರಗಿನ ಒತ್ತಡದಿಂದ ಕುಗ್ಗಿ ಮುದ್ದೆಯಾಯಿತು. ಇನ್ನೂ ಗಟ್ಟಿಯಾಗಿ ಮಾಡಿಸಿದಾಗ ಪ್ರಯೋಗವು ಸಿದ್ಧಿಸಿತು.

೧೬೫೭ರಲ್ಲಿ ಮಾಗ್ಡೆಬರ್ಗಿನಲ್ಲಿ ಅವನು ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ತೆಗೆದು, ಎರಡು ಕಡೆಗೆ ಕುದುರೆಗಳನ್ನು ಕಟ್ಟಿ ಎಳೆಯಿಸಿದ ವೃತ್ತಾಂತವು ಪ್ರಸಿದ್ಧವಾಗಿದೆ. ಕುದುರೆಗಳನ್ನು ಎಲ್ಲರೂ ನೆನೆಯುತ್ತಾರೆ. ಅರ್ಧಗೋಳಗಳ ನಡುವೆ ಇದ್ದ ಚರ್ಮದ ಉಂಗುರವನ್ನು ನೆನೆಯುವವರು ವಿರಳ. ಮೇಣ ಮತ್ತು ಟರ್ಪೆಂಟೈನ್ ಎಣ್ಣೆಯಲ್ಲಿ ನೆನೆಸಿದ ಆ ಉಂಗುರವಿಲ್ಲದಿದ್ದರೆ ಗಾಳಿಯು ಸಂದಿನಲ್ಲಿ ಒಳಹೊಕ್ಕು ಒಂದು ಮಗುವೂ ಗೋಳಗಳನ್ನು ಬಿಡಿಸಬಹುದಾಗಿತ್ತು. ಇಂದಿನ ವಿಮಾನದ ಬಾಗಿಲಿನ ಅಂಚಿನಲ್ಲಿರುವ, ಕೆಲಸಗಾರರು 'ಸೀಲ್' ಎಂದು ಕರೆಯುವ ರಬ್ಬರ್ ಪಟ್ಟಿಗೆ ಈ ಚರ್ಮದ ಉಂಗುರವೇ ಪೂರ್ವಜ. ನಮ್ಮ ಅಡಿಗೆಮನೆಗಳ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟೂ ಇದೇ ವಂಶದ್ದು.

ಇಲ್ಲಿ ಎರಡು ಸಂಗತಿಗಳು ಗ್ರಾಹ್ಯವಾಗಿವೆ. ಮೊದಲನೆಯದು, ಕಣ್ಣಿಗೆ ಕಾಣದ ಛಿದ್ರವನ್ನು ಗೇರಿಕೆಯು ಕಿವಿಯಿಂದ ತಿಳಿದನು. ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ನಮ್ಮ ಹೆಂಗಸರು ಬೆರಳಿನ ಗೆಣ್ಣಿನಿಂದ ತಟ್ಟಿ ಬಿರುಕನ್ನು ಕೇಳಿ ತಿಳಿಯುವಂತೆಯೇ. ಎರಡನೆಯದು, ಒಳಗೂ ಹೊರಗೂ ಒತ್ತಡದ ಭೇದವು ಉಂಟಾಗುವವರೆಗೆ ಆ ಪೀಪಾಯಿಯು ನಿರ್ದೋಷವಾಗಿಯೇ ತೋರುತ್ತಿತ್ತು. ದೋಷವು ಮೊದಲಿನಿಂದಲೂ ಇದ್ದಿತು. ಅದು ಕಾಣತಕ್ಕ ಸ್ಥಿತಿ ಬಂದದ್ದು ಪರೀಕ್ಷೆಯಿಂದ.

೩. ಎತ್ತರದಲ್ಲಿ ಗಾಳಿಯ ಅಭಾವ

ಸಮುದ್ರಮಟ್ಟದಲ್ಲಿ ಗಾಳಿಯು ಪ್ರತಿ ಚದರ ಅಂಗುಲದ ಮೇಲೂ ಸುಮಾರು ೧೪.೭ ಪೌಂಡು ಒತ್ತುತ್ತದೆ. ೩೫,೦೦೦ ಅಡಿಗಳ ಎತ್ತರದಲ್ಲಿ ಅದು ೩.೫ ಪೌಂಡಿಗೆ ಇಳಿಯುವುದು. ಅಲ್ಲಿಯ ಗಾಳಿಯನ್ನು ಉಸಿರಾಡುವವನಿಗೆ ಪ್ರಾಣವಾಯುವು ಸಾಲದು. ಈ ಸತ್ಯವನ್ನು ಲೋಕವು ದುಃಖದಿಂದ ಕಲಿಯಿತು. ೧೮೭೫ರ ಏಪ್ರಿಲ್ ೧೫ರಂದು ಫ್ರಾನ್ಸಿನಲ್ಲಿ 'ಜೆನಿತ್' ಎಂಬ ಬೆಲೂನಿನಲ್ಲಿ ಮೂವರು ಮೇಲೇರಿದರು. ಬೆಲೂನು ಸುಮಾರು ೨೮,೦೦೦ ಅಡಿ ಮುಟ್ಟಿತು. ಕೆಳಗಿಳಿಯುವಾಗ ಕ್ರೋಸೆ-ಸ್ಪಿನೆಲ್ಲಿ, ಸಿವೆಲ್ ಎಂಬಿಬ್ಬರು ಮೃತರಾಗಿದ್ದರು. ಗಾಸ್ತೋ ಟಿಸ್ಸಾಂಡಿಯೆ ಎಂಬವನೊಬ್ಬನೇ ಬದುಕಿದನು. ಅವರ ಬಳಿ ಪ್ರಾಣವಾಯುವಿನ ಚೀಲಗಳು ಇಲ್ಲದೆ ಇರಲಿಲ್ಲ. ಕೈಯೆತ್ತಿ ನಳಿಕೆಯನ್ನು ಬಾಯಿಗಿಡುವ ಶಕ್ತಿಯು ಬೇಕಾದ ಹೊತ್ತಿಗೆ ಉಳಿದಿರಲಿಲ್ಲ. ಆ ಸ್ಥಿತಿಯಲ್ಲಿ ನೋವಾಗಲಿ ಭಯವಾಗಲಿ ಇರಲಿಲ್ಲವೆಂದು ಟಿಸ್ಸಾಂಡಿಯೆ ಬರೆದಿಟ್ಟನು.

ಈ ಕೊನೆಯ ಮಾತೇ ಅತ್ಯಂತ ಭಯಾನಕವಾದುದು. ಪ್ರಾಣವಾಯುವಿನ ಕೊರತೆಯು ಮೊದಲು ಅಪಹರಿಸುವುದು ವಿವೇಚನೆಯನ್ನು. ಕೊರತೆಯನ್ನು ಅರಿಯಬೇಕಾದ ಬುದ್ಧಿಯೇ ಕೊರತೆಗೆ ತುತ್ತಾಗುತ್ತದೆ. ತನಗೆ ಏನೂ ಆಗಿಲ್ಲವೆಂಬ ಭಾವವು ಏನೂ ಆಗಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಬೆಂಗಳೂರಿನಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ವಾಯುಸೇನೆಯ ವೈಮಾನಿಕ ವೈದ್ಯಸಂಸ್ಥೆಯಲ್ಲಿ ಗಾಳಿಯ ಒತ್ತಡವನ್ನು ಇಳಿಸಿದ ಕೋಣೆಯೊಳಗೆ ವಿಮಾನಿಕರನ್ನು ಕೂರಿಸಿ ಅವರವರ ದೇಹದ ಪೂರ್ವಲಕ್ಷಣಗಳನ್ನು ಅವರವರಿಗೇ ತೋರಿಸಿಕೊಡುವ ಶಿಕ್ಷಣವು ಇದೇ ಕಾರಣದಿಂದ ಏರ್ಪಟ್ಟಿತು.

ಇದಕ್ಕೆ ಪರಿಹಾರವು ಗಾಳಿಯನ್ನು ಮುಚ್ಚಿದ ಪಾತ್ರೆಯಲ್ಲಿ ಜೊತೆಗೆ ಒಯ್ಯುವುದು. ೧೯೩೧ರ ಮೇ ೨೭ರಂದು ಔಗುಸ್ತ್ ಪಿಕಾರ್ಡನು ತನ್ನ ಸಹಾಯಕನಾದ ಪಾಲ್ ಕಿಪ್ಫರನೊಡನೆ ಜರ್ಮನಿಯ ಔಗ್ಸ್‌ಬರ್ಗಿನಿಂದ ಅಲ್ಯೂಮಿನಿಯಮ್ಮಿನ ಗೋಳದೊಳಗೆ ಕುಳಿತು ಬೆಲೂನಿನಲ್ಲಿ ಮೇಲೇರಿ ೧೫,೭೮೧ ಮೀಟರ್, ಎಂದರೆ ೫೧,೭೦೦ ಅಡಿಗಿಂತ ಹೆಚ್ಚಿನ ಎತ್ತರವನ್ನು ಮುಟ್ಟಿದನು. ಏರುತ್ತಿರುವಾಗಲೇ ಗೋಳದ ಒಂದು ರಂಧ್ರದಿಂದ ಸಿಳ್ಳಿನಂತಹ ಸದ್ದು ಕೇಳಿಸಿತು. ಒಳಗಿನ ಗಾಳಿಯು ಹೊರಕ್ಕೆ ಹೋಗುತ್ತಿತ್ತು. ಪಿಕಾರ್ಡನು ನಾರನ್ನು ವ್ಯಾಸೆಲೀನಿನೊಡನೆ ಕಲಸಿ ಆ ರಂಧ್ರಕ್ಕೆ ಗಿಡಿದು ಪ್ರಾಣವನ್ನು ಉಳಿಸಿಕೊಂಡನು. ಗೇರಿಕೆಯ ಮೇಣವೂ ಪಿಕಾರ್ಡನ ವ್ಯಾಸೆಲೀನೂ ಒಂದೇ ಕೆಲಸವನ್ನು ಮಾಡಿದುವು. ಎರಡು ಕಡೆಯೂ ಛಿದ್ರದ ವಾರ್ತೆಯನ್ನು ತಂದದ್ದು ಸದ್ದು.

೪. ಬಾಗಿಲಿನ ರಚನೆ

೧೯೩೭ರಲ್ಲಿ ಅಮೆರಿಕದ ಸೈನ್ಯದವರು ಲಾಕ್‌ಹೀಡ್ ಕಂಪೆನಿಯಿಂದ ಮಾಡಿಸಿದ ಎಕ್ಸ್‌ಸಿ-೩೫ ಎಂಬ ಪ್ರಯೋಗವಿಮಾನವು ಒತ್ತಡವನ್ನು ತಡೆಯುವ ಕೋಣೆಯೊಡನೆ ಹಾರಿತು. ಬೋಯಿಂಗ್ ೩೦೭ ಎಂಬ ವಿಮಾನವು ೧೯೩೮ರ ಡಿಸೆಂಬರ್ ೩೧ರಂದು ಮೊದಲು ಹಾರಿ, ೧೯೪೦ರಲ್ಲಿ ಇಂತಹ ಕೋಣೆಯಲ್ಲಿ ಪ್ರಯಾಣಿಕರನ್ನು ಕರೆದೊಯ್ಯತೊಡಗಿತು. ಅಂದಿನಿಂದ ವಿಮಾನವೆಂಬುದು ಹಾರುವ ಯಂತ್ರವೂ ಹೌದು, ಗಾಳಿಯನ್ನು ತುಂಬಿದ ಪಾತ್ರೆಯೂ ಹೌದು.

ಈ ಪಾತ್ರೆಯ ಲಕ್ಷಣವನ್ನು ಸರಿಯಾಗಿ ತಿಳಿಯಬೇಕು. ಅದು ಬಿರಡೆ ಹಾಕಿದ ಸೀಸೆಯಂತೆ ಪೂರ್ಣವಾಗಿ ಮುಚ್ಚಿದುದಲ್ಲ. ಹೊಸ ಗಾಳಿಯನ್ನು ಎಡೆಬಿಡದೆ ಒಳಗೆ ತುಂಬುತ್ತಿರುವರು. ಹಳೆಯ ಗಾಳಿಯು ನಿರ್ಗಮಕವಾಟವೆಂಬ ಒಂದು ತೆರಪಿನ ಮೂಲಕ ಹೊರಕ್ಕೆ ಹೋಗುತ್ತಿರುವುದು. ಆ ಕವಾಟವನ್ನು ಹಿಗ್ಗಿಸಿ ಕುಗ್ಗಿಸಿ ಒಳಗಿನ ಒತ್ತಡವನ್ನು ಕಾಯುವರು. ವಿಮಾನವು ಎಷ್ಟೇ ಮೇಲೇರಿದರೂ ಒಳಗಿನ ಸ್ಥಿತಿಯು ೮,೦೦೦ ಅಡಿಯ ಬೆಟ್ಟದ ಮೇಲಿರುವ ಸ್ಥಿತಿಗಿಂತ ಕೆಡಬಾರದೆಂಬುದು ಸಾಮಾನ್ಯ ವಿಧಿ. ಆದುದರಿಂದ ಗಾಳಿಯು ಹೊರಹೋಗುವುದೇ ದೋಷವಲ್ಲ. ನಿಯಾಮಕನ ಅಧೀನವಾದ ತೆರಪು ದ್ವಾರ. ಅಧೀನವಲ್ಲದ ತೆರಪು ಛಿದ್ರ. ಅಲ್ಪವಾದ ಛಿದ್ರವನ್ನು ಹೊಸ ಗಾಳಿಯು ತುಂಬಿಕೊಡುತ್ತದೆ. ಮಿತಿಯನ್ನು ಮೀರಿದರೆ ಅಪಾಯ.

೩೫,೦೦೦ ಅಡಿಯಲ್ಲಿ ಒಳಗಿನ ಒತ್ತಡವು ಚದರ ಅಂಗುಲಕ್ಕೆ ೧೦.೯ ಪೌಂಡು, ಹೊರಗಿನದು ೩.೫ ಪೌಂಡು, ಭೇದವು ಸುಮಾರು ೭.೪ ಪೌಂಡು. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಬಾಗಿಲಿನಲ್ಲಿ ೨,೧೬೦ ಚದರ ಅಂಗುಲಗಳುಂಟು. ಲೆಕ್ಕಮಾಡಿದರೆ ಅದನ್ನು ಹೊರಕ್ಕೆ ನೂಕುವ ಬಲವು ಸುಮಾರು ೧೬,೦೦೦ ಪೌಂಡು, ಎಂದರೆ ಏಳು ಟನ್ನು. ಇಷ್ಟು ಬಲವನ್ನು ಚಿಲಕಗಳ ಮೇಲೆಯೇ ಹೊರಿಸದೆ, ಒತ್ತಡವೇ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುವಂತೆ ಮಾಡಿರುವುದು ಪ್ರಯಾಣಿಕರ ಬಾಗಿಲುಗಳ ಸಾಮಾನ್ಯವಾದ ಕ್ರಮ. ಮುಚ್ಚಳವನ್ನು ಒಳಗಿನಿಂದ ಕೂರಿಸುವ ಬಗೆಯ ಕುಕ್ಕರನ್ನು ನೋಡಿದವರಿಗೆ ಇದು ಒಡನೆಯೇ ತಿಳಿಯುವುದು. ಆವಿಯು ಹೆಚ್ಚಿದಷ್ಟೂ ಮುಚ್ಚಳವು ಬಿಗಿಯಾಗುತ್ತದೆ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಯನ್ನು ಹಲವು ವಿಮಾನಗಳಲ್ಲಿ ಟೊಳ್ಳಾಗಿ ಮಾಡಿ ಒಳಮೈಯಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಕೋಣೆಯ ಗಾಳಿಯು ಅವುಗಳ ಮೂಲಕ ಪಟ್ಟಿಯೊಳಗೆ ಹೊಕ್ಕು ಅದನ್ನು ಉಬ್ಬಿಸಿ ಸಂದನ್ನು ತುಂಬುವುದು. ಪಟ್ಟಿಯು ಹರಿದರೆ, ಸವೆದರೆ, ಕೊಳೆ ಹಿಡಿದರೆ, ಇಲ್ಲವೆ ಬಾಗಿಲು ಕೂದಲೆಳೆಯಷ್ಟು ಓರೆಯಾಗಿ ಕೂತರೆ ಗಾಳಿಯು ಸಿಳ್ಳುಹಾಕುತ್ತ ಹೊರಹೋಗುವುದು. ಅದರಲ್ಲಿರುವ ತೇವವು ಹೊರಗಿನ ಚಳಿಗೆ ಹೆಪ್ಪುಗಟ್ಟಿ ಬಾಗಿಲಿನ ಅಂಚಿನಲ್ಲಿ ಮಂಜುಗಡ್ಡೆ ಕೂಡುವುದು.

೫. ಪರೀಕ್ಷೆಯ ಕ್ರಮವೂ ಅದರ ನ್ಯಾಯವೂ

ವಿಮಾನವನ್ನು ನೆಲದ ಮೇಲೆ ನಿಲ್ಲಿಸಿ, ಬಾಗಿಲುಗಳನ್ನೂ ನಿರ್ಗಮಕವಾಟವನ್ನೂ ಮುಚ್ಚಿ, ಒಳಗಿನ ಒತ್ತಡವು ಹೊರಗಿನದಕ್ಕಿಂತ ಗೊತ್ತಾದ ಅಳತೆಯಷ್ಟು ಹೆಚ್ಚಾಗುವವರೆಗೆ ಗಾಳಿಯನ್ನು ತುಂಬುವರು. ಬಳಿಕ ತುಂಬುವುದನ್ನು ನಿಲ್ಲಿಸಿ, ಒತ್ತಡವು ಒಂದು ಅಂಕದಿಂದ ಇನ್ನೊಂದು ಅಂಕಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಗಡಿಯಾರದಿಂದ ಅಳೆಯುವರು. ವಿಧಿಸಿದ ಕಾಲಕ್ಕಿಂತ ಬೇಗ ಇಳಿದರೆ ಸೋರಿಕೆಯು ಮಿತಿಮೀರಿತೆಂದು ಅರ್ಥ. ಇದು ಪರಿಮಾಣದ ನಿರ್ಣಯ. ಸ್ಥಾನದ ನಿರ್ಣಯವು ಬೇರೆ. ಅದಕ್ಕಾಗಿ ಬಾಗಿಲಿನ ಸುತ್ತ ಹೊರಗಡೆ ಸಾಬೂನಿನ ನೀರನ್ನು ಬಳಿದು ಗುಳ್ಳೆಗಳೇಳುವುದನ್ನು ನೋಡುವರು. ಬೈಸಿಕಲ್ ರಿಪೇರಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ನೋಡುವುದೂ ಇದೇ ಯುಕ್ತಿ. ಅಂಗೈಯನ್ನು ಸಂದಿನ ಹತ್ತಿರ ಹಿಡಿದು, ಕಿವಿಯನ್ನು ಕೊಟ್ಟು ನೋಡುವುದೂ ಉಂಟು. ಮನುಷ್ಯನ ಕಿವಿಗೆ ನಿಲುಕದ ಸೂಕ್ಷ್ಮಧ್ವನಿಯನ್ನು ಗ್ರಹಿಸುವ ಯಂತ್ರವು ಈ ಕೆಲಸಕ್ಕೆ ಈಗ ಬಳಕೆಯಲ್ಲಿದೆ. ಧ್ವನಿ ಹೊರಡಿಸುವ ಪೆಟ್ಟಿಗೆಯನ್ನು ಒಳಗಿಟ್ಟು, ಬಾಗಿಲನ್ನು ಮುಚ್ಚಿ, ಗ್ರಾಹಕವನ್ನು ಹೊರಗಿನಿಂದ ಸಂದಿನ ಉದ್ದಕ್ಕೂ ಆಡಿಸಿದರೆ ಎಲ್ಲಿ ಧ್ವನಿಯು ಹೊರಬರುವುದೋ ಅಲ್ಲಿ ಛಿದ್ರವಿರುವುದು.

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಗುಳ್ಳೆ ಏಳಲಿಲ್ಲ, ಧ್ವನಿ ಕೇಳಲಿಲ್ಲ, ಮುಳ್ಳು ಇಳಿಯಲಿಲ್ಲ. ಆದುದರಿಂದ ಛಿದ್ರವಿಲ್ಲ ಎಂಬುದು ಯಾವ ಪ್ರಮಾಣ? ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದಕ್ಕೆ ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂದು ಹೆಸರಿಟ್ಟು ಅದನ್ನು ಆರನೆಯ ಪ್ರಮಾಣವೆಂದು ಒಪ್ಪಿದರು. ನೈಯಾಯಿಕರು ಅದು ಬೇರೆ ಪ್ರಮಾಣವಲ್ಲ, ಪ್ರತ್ಯಕ್ಷಕ್ಕೆ ಸಹಕಾರಿಯೆಂದರು. ವಾದವು ಏನೇ ಇರಲಿ, ಒಂದು ವಿಷಯದಲ್ಲಿ ಉಭಯರಿಗೂ ಐಕಮತ್ಯವುಂಟು: ಬರಿಯ ಅನುಪಲಬ್ಧಿಯು ಸಾಲದು, ಯೋಗ್ಯಾನುಪಲಬ್ಧಿಯು ಬೇಕು. ಬೆಳಕಿನಲ್ಲಿ ನೋಡಿ ನೆಲದ ಮೇಲೆ ಗಡಿಗೆಯಿಲ್ಲವೆಂದರೆ ಅದು ಜ್ಞಾನ. ಕತ್ತಲೆಯಲ್ಲಿ ನೋಡಿ ಗಡಿಗೆಯಿಲ್ಲವೆಂದರೆ ಅದು ಜ್ಞಾನವಲ್ಲ. 'ಇದ್ದಿದ್ದರೆ ಕಾಣುತ್ತಿತ್ತು' ಎಂಬ ತರ್ಕವು ಜೊತೆಗಿದ್ದಾಗ ಮಾತ್ರ 'ಕಾಣಲಿಲ್ಲ' ಎಂಬುದಕ್ಕೆ ಬಲ ಬರುತ್ತದೆ.

ಒತ್ತಡದ ಪರೀಕ್ಷೆಯು ಮಾಡುವುದು ಇಷ್ಟೇ. ಅದು ಛಿದ್ರವನ್ನು ಕಾಣಲು ಯೋಗ್ಯವಾದ ಸ್ಥಿತಿಗೆ ತರುತ್ತದೆ. ಕತ್ತಲೆಯಲ್ಲಿ ದೀಪವನ್ನು ಹಚ್ಚುತ್ತದೆ. ಒತ್ತಡವಿಲ್ಲದೆ ಬಾಗಿಲನ್ನು ಸುಮ್ಮನೆ ನೋಡಿ ಸರಿಯಾಗಿದೆಯೆಂದು ಬರೆಯುವುದು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದಂತೆ. ಹಾಗೆಂದು ನೆಲದ ಮೇಲಿನ ದೀಪಕ್ಕೂ ಮಿತಿಯುಂಟು. ಆಕಾಶದಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ರಬ್ಬರು ಬಿರುಸಾಗುವುದು, ಒತ್ತಡಕ್ಕೆ ಚೌಕಟ್ಟು ಅಲುಗುವುದು. ನೆಲದ ಮೇಲೆ ಮೌನವಾಗಿದ್ದ ಸಂದು ಅಲ್ಲಿ ಮಾತಾಡಬಹುದು. ಆದುದರಿಂದಲೇ ಹಾರಾಟದಲ್ಲಿ ಸಿಳ್ಳನ್ನು ಕೇಳಿದ ಪರಿಚಾರಕರು ದಿನಚರಿಯಲ್ಲಿ ಬರೆದಿಡುವ ಒಂದು ಸಾಲು ಯಂತ್ರದ ಅಂಕಗಳಷ್ಟೇ ಬೆಲೆಯುಳ್ಳದ್ದು.

೬. ಪರೀಕ್ಷೆಯು ಸೋತ ಎರಡು ಪ್ರಕಾರಗಳು

ಪರೀಕ್ಷೆಯೂ ಸೋಲುವುದುಂಟು. ಅದರ ಎರಡು ಪ್ರಕಾರಗಳನ್ನು ಚರಿತ್ರೆಯಿಂದ ತೆಗೆದು ತೋರಿಸುತ್ತೇನೆ.

ಒಂದನೆಯದು ಕಾಮೆಟ್ ವಿಮಾನದ ಕಥೆ. ಇದು ಬಾಗಿಲಿನ ಸೋರಿಕೆಯ ಕಥೆಯಲ್ಲವಾದರೂ ಒತ್ತಡಪರೀಕ್ಷೆಯ ಚರಿತ್ರೆಯಲ್ಲಿ ಇದನ್ನು ಬಿಡುವಂತಿಲ್ಲ. ಡಿ ಹ್ಯಾವಿಲ್ಯಾಂಡ್ ಕಂಪೆನಿಯು ನಿರ್ಮಿಸಿದ ಈ ಜೆಟ್ ವಿಮಾನವು ೧೯೫೨ರ ಮೇ ೨ರಂದು ಪ್ರಯಾಣಿಕಸೇವೆಯನ್ನು ಆರಂಭಿಸಿತು. ೧೯೫೪ರ ಜನವರಿ ೧೦ರಂದು ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಒಡೆದು ಬಿದ್ದು ೩೫ ಮಂದಿ ಮಡಿದರು. ಏಪ್ರಿಲ್ ೮ರಂದು ನೇಪಲ್ಸಿನ ಬಳಿ ಇನ್ನೊಂದು ಬಿದ್ದು ೨೧ ಮಂದಿ ಮಡಿದರು. ಆಗ ಇಂಗ್ಲೆಂಡಿನ ಫಾರ್ನ್‌ಬರೋ ಸಂಸ್ಥೆಯವರು ಇಡೀ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಹಾರಾಟದಲ್ಲಿ ಏರಿ ಇಳಿಯುವಂತೆ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ನೀರು ಗಾಳಿಯಂತೆ ಕುಗ್ಗಿ ಹಿಗ್ಗತಕ್ಕದ್ದಲ್ಲವಾದುದರಿಂದ ಒಡಲು ಒಡೆದರೂ ಸಿಡಿಯುವುದಿಲ್ಲ. ಬಿರುಕಿನ ಮೂಲವು ಅಳಿಯದೆ ಉಳಿಯುವುದು. ಹಿಂದಿನ ಹಾರಾಟಗಳನ್ನೂ ಕೂಡಿಸಿ ಸುಮಾರು ೩,೦೦೦ ಆವೃತ್ತಿಗಳ ಅನಂತರ ತೆರಪಿನ ಮೂಲೆಯಿಂದ ಒಡಲು ಸೀಳಿತು.

ಹಾಗಾದರೆ ನಿರ್ಮಾತೃಗಳು ಮೊದಲೇ ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು, ಅವರ ಮಾದರಿಯು ಇದಕ್ಕಿಂತ ಹಲವು ಪಾಲು ಹೆಚ್ಚು ಆವೃತ್ತಿಗಳನ್ನು ತಾಳಿತ್ತು. ಆದರೆ ಆ ಮಾದರಿಯನ್ನು ಅದಕ್ಕೆ ಮೊದಲೇ, ಬಲಪರೀಕ್ಷೆಗಾಗಿ, ಹಾರಾಟದ ಒತ್ತಡಕ್ಕಿಂತ ಬಹಳ ಹೆಚ್ಚಿನ ಒತ್ತಡಕ್ಕೆ ಗುರಿಪಡಿಸಿದ್ದರು. ಅದರಿಂದ ಕಿಟಕಿಯ ಮೂಲೆಗಳ ಲೋಹವು ಸ್ವಲ್ಪ ಜಗ್ಗಿ, ಮುಂದಿನ ಆಯಾಸವನ್ನು ಹೆಚ್ಚು ತಾಳುವ ಗುಣವನ್ನು ಪಡೆದುಕೊಂಡಿತ್ತು. ಪ್ರಯಾಣಿಕರು ಕುಳಿತ ವಿಮಾನಗಳಿಗೆ ಆ ಸಂಸ್ಕಾರವಿರಲಿಲ್ಲ. ಪರೀಕ್ಷೆಯು ಪರೀಕ್ಷ್ಯವಸ್ತುವನ್ನೇ ಬದಲಾಯಿಸಿಬಿಟ್ಟಿತ್ತು. ಪರೀಕ್ಷಕರಿಗೆ ಅದು ತಿಳಿಯಲಿಲ್ಲ.

ಎರಡನೆಯದು ಡಿಸಿ-೧೦ ವಿಮಾನದ ಸರಕಿನ ಬಾಗಿಲಿನ ಕಥೆ. ಈ ಬಾಗಿಲು ಹೊರಕ್ಕೆ ತೆರೆಯತಕ್ಕದ್ದು; ಇದನ್ನು ಹಿಡಿದಿಡುವುದು ಒತ್ತಡವಲ್ಲ, ಕೊಂಡಿಗಳು. ೧೯೭೦ರ ಮೇ ತಿಂಗಳಲ್ಲಿ ನೆಲದ ಮೇಲೆ ಒತ್ತಡವನ್ನು ತುಂಬಿ ಪರೀಕ್ಷಿಸುತ್ತಿರುವಾಗಲೇ ಇಂತಹ ಬಾಗಿಲು ಕಿತ್ತುಕೊಂಡು ಹೋಗಿ ಮೇಲಿನ ಕೋಣೆಯ ನೆಲವು ಕುಸಿಯಿತು. ಪರೀಕ್ಷೆಯು ತನ್ನ ಮಾತನ್ನು ಸ್ಪಷ್ಟವಾಗಿಯೇ ಹೇಳಿತು. ಮಾಡಿದ ತಿದ್ದುಪಡಿಯು ಸಾಲದಾಯಿತು. ೧೯೭೨ರ ಜೂನ್ ೧೨ರಂದು ಕೆನಡದ ವಿಂಡ್ಸರ್ ಪಟ್ಟಣದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಅದೇ ರೀತಿ ಸಂಭವಿಸಿತು. ಚಾಲಕರ ಕೌಶಲದಿಂದ ಎಲ್ಲರೂ ಬದುಕಿದರು. ೧೯೭೪ರ ಮಾರ್ಚ್ ೩ರಂದು ಪ್ಯಾರಿಸಿನಿಂದ ಹೊರಟ ತುರ್ಕಿಯ ವಿಮಾನದಲ್ಲಿ ಮೂರನೆಯ ಬಾರಿ ಸಂಭವಿಸಿತು. ನೆಲವು ಕುಸಿದು ಚಾಲನೆಯ ತಂತಿಗಳು ಕಡಿದು, ಎರ್ಮನೋವಿಲ್ ಕಾಡಿನಲ್ಲಿ ಬಿದ್ದ ಆ ವಿಮಾನದಲ್ಲಿದ್ದ ೩೪೬ ಮಂದಿಯೂ ಮೃತರಾದರು. ಕೊಂಡಿಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು ಬಾಗಿಲಿನಲ್ಲಿ ಒಂದು ಸಣ್ಣ ಗಾಜಿನ ಕಿಂಡಿ ಇತ್ತು. ನೋಡುವ ಕ್ರಮವನ್ನು ಬಾಗಿಲಿನ ಮೇಲೆ ಬರೆದೂ ಇತ್ತು. ಬರೆದಿದ್ದುದು ಇಂಗ್ಲಿಷಿನಲ್ಲಿ ಮತ್ತು ತುರ್ಕಿಭಾಷೆಯಲ್ಲಿ. ಅಂದು ಬಾಗಿಲನ್ನು ಮುಚ್ಚಿದ ಕೆಲಸಗಾರನಿಗೆ ಆ ಎರಡು ಭಾಷೆಗಳೂ ಬರುತ್ತಿರಲಿಲ್ಲ. ಶಬ್ದವು ಪ್ರಮಾಣವಾಗಬೇಕಾದರೆ ಕೇಳುವವನಿಗೆ ಅರ್ಥವಾಗಬೇಕೆಂಬುದನ್ನು ಭಾಷೆಯನ್ನು ಕಲಿಸುವ ನಾವು ಮರೆಯತಕ್ಕದ್ದಲ್ಲ.

೭. ಉಪಸಂಹಾರವಿಲ್ಲದ ಪರೀಕ್ಷೆ

ಮೂರನೆಯ ಪ್ರಕಾರವೊಂದು ಉಳಿದಿದೆ. ಈ ಲೇಖನಕ್ಕೆ ಅದೇ ಮುಖ್ಯವಾದುದು. ಇಲ್ಲಿ ಪರೀಕ್ಷೆಯು ಸರಿಯಾಗಿಯೇ ನಡೆಯಿತು, ಅದರ ಫಲವೂ ಸರಿಯಾಗಿಯೇ ಇತ್ತು. ಆದರೂ ಅನರ್ಥವು ಪರೀಕ್ಷೆಯಿಂದಲೇ ಮೊದಲಾಯಿತು.

೨೦೦೫ರ ಆಗಸ್ಟ್ ೧೪ರ ನಸುಕಿನಲ್ಲಿ ಹೀಲಿಯೋಸ್ ಕಂಪೆನಿಯ ಬೋಯಿಂಗ್ ೭೩೭ ವಿಮಾನವೊಂದು ಲಂಡನ್ನಿನಿಂದ ಸೈಪ್ರಸ್ ದ್ವೀಪದ ಲಾರ್ನಕಾ ನಿಲ್ದಾಣಕ್ಕೆ ಬಂದು ಇಳಿಯಿತು. ಹಿಂದಿನ ಬಲಬದಿಯ ಬಾಗಿಲಿನ ಪಟ್ಟಿಯು ಹೆಪ್ಪುಗಟ್ಟುತ್ತದೆಂದೂ ಹಾರಾಟದಲ್ಲಿ ಅಲ್ಲಿಂದ ಬಡಿತದ ಸದ್ದು ಕೇಳುತ್ತದೆಂದೂ ಪರಿಚ���ರಕರು ದಿನಚರಿಯಲ್ಲಿ ಬರೆದರು. ೨೦೦೪ರ ಡಿಸೆಂಬರಿನಲ್ಲಿ ಇದೇ ವಿಮಾನವು ಆಕಾಶದಲ್ಲಿ ಒತ್ತಡವನ್ನು ಕಳೆದುಕೊಂಡಿತ್ತು. ಆದುದರಿಂದ ದೂರನ್ನು ಲಘುವಾಗಿ ಎಣಿಸದೆ ಇಂಜಿನಿಯರು ಬಾಗಿಲನ್ನು ನೋಡಿ, ವಿಮಾನಕ್ಕೆ ಗಾಳಿಯನ್ನು ತುಂಬಿ ಸೋರಿಕೆಯ ಪರೀಕ್ಷೆಯನ್ನು ನಡೆಯಿಸಿದರು. ಸೋರಿಕೆಯು ಕಾಣಲಿಲ್ಲ. ಯೋಗ್ಯಾನುಪಲಬ್ಧಿಯು ಸಿದ್ಧಿಸಿತು.

ಈ ಪರೀಕ್ಷೆಗಾಗಿ ಒತ್ತಡವನ್ನು ನಡೆಯಿಸುವ ಗುಂಡಿಯನ್ನು 'ಸ್ವಯಂಚಾಲನೆ'ಯ ಸ್ಥಾನದಿಂದ 'ಕೈಚಾಲನೆ'ಯ ಸ್ಥಾನಕ್ಕೆ ತಿರುಗಿಸಬೇಕು. ಪರೀಕ್ಷೆ ಮುಗಿದ ಮೇಲೆ ಅದು ಹಿಂದಕ್ಕೆ ತಿರುಗಲಿಲ್ಲ. ಬೆಳಿಗ್ಗೆ ಚಾಲಕರು ಹೊರಡುವ ಮುನ್ನವೂ ಹೊರಟ ಮೇಲೂ ಪರಿಶೀಲನಪಟ್ಟಿಗಳನ್ನು ಓದಿದರು. ಗುಂಡಿಯ ಸ್ಥಾನವು ಅವರ ಗಮನಕ್ಕೆ ಬರಲಿಲ್ಲ. ವಿಮಾನವು ಒಂಬತ್ತು ಗಂಟೆಯ ಅನಂತರ ಆಥೆನ್ಸಿನ ಕಡೆಗೆ ಹೊರಟಿತು. ಕೈಚಾಲನೆಯ ಸ್ಥಾನದಲ್ಲಿದ್ದುದರಿಂದ ನಿರ್ಗಮಕವಾಟವು ತಾನಾಗಿ ಮುಚ್ಚದೆ ಸ್ವಲ್ಪ ತೆರೆದೇ ಉಳಿಯಿತು. ಬಾಗಿಲಿನಲ್ಲಿ ಛಿದ್ರವಿಲ್ಲವೆಂದು ಸಿದ್ಧಪಡಿಸಿದ ಪರೀಕ್ಷೆಯೇ ದ್ವಾರವೊಂದನ್ನು ಛಿದ್ರವಾಗಿ ಮಾಡಿ ಹೋಗಿತ್ತು.

ವಿಮಾನವು ೧೨,೦೦೦ ಅಡಿಗಳನ್ನು ದಾಟುವಾಗ ಎಚ್ಚರಿಕೆಯ ಕಹಳೆಯು ಕೂಗಿತು. ಈ ಜಾತಿಯ ವಿಮಾನದಲ್ಲಿ ಆ ಕಹಳೆಗೆ ಎರಡು ಅರ್ಥಗಳುಂಟು: ನೆಲದ ಮೇಲೆ ಕೂಗಿದರೆ, ಹಾರಲು ವಿಮಾನವು ಸಜ್ಜಾಗಿಲ್ಲವೆಂದು, ಆಕಾಶದಲ್ಲಿ ಕೂಗಿದರೆ, ಕೋಣೆಯ ಒತ್ತಡವು ಇಳಿದಿದೆಯೆಂದು. ಆಲಂಕಾರಿಕರ ಪರಿಭಾಷೆಯಲ್ಲಿ ಇದು ನಾನಾರ್ಥಶಬ್ದ. ಪ್ರಕರಣವೇ ಅರ್ಥವನ್ನು ನಿಯಮಿಸಬೇಕು. ಊಟಕ್ಕೆ ಕುಳಿತವನು 'ಸೈಂಧವ' ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು 'ಸೈಂಧವ' ಎಂದರೆ ಕುದುರೆ. ಚಾಲಕರು ಆಕಾಶದಲ್ಲಿದ್ದು ನೆಲದ ಅರ್ಥವನ್ನು ಹಿಡಿದರು. ಪಾಠಶಾಲೆಯಲ್ಲಿ ಇಂತಹ ತಪ್ಪಿಗೆ ನಗುತ್ತೇವೆ. ಅಲ್ಲಿ ಕ್ಷಣಕ್ಷಣಕ್ಕೂ ಪ್ರಾಣವಾಯುವು ಕಡಿಮೆಯಾಗುತ್ತಿತ್ತು. ಪ್ರಕರಣವನ್ನು ಗುರುತಿಸಬೇಕಾದ ಬುದ್ಧಿಯು, ಜೆನಿತ್ ಬೆಲೂನಿನಲ್ಲಿ ಆದಂತೆ, ತನಗೆ ಅರಿವಿಲ್ಲದೆ ಮಂಕಾಗುತ್ತಿತ್ತು. ಅವರು ಕೆಳಗಿನ ಕಚೇರಿಯೊಡನೆ ಮಾತಾಡಿದರು; ಮಾತು ಬೇರೆ ದೀಪಗಳ, ಬೇರೆ ಯಂತ್ರಗಳ ಸುತ್ತ ತಿರುಗಿತು; ಆಮೇಲೆ ನಿಂತುಹೋಯಿತು.

ಯಂತ್ರವು ತನ್ನಷ್ಟಕ್ಕೆ ವಿಮಾನವನ್ನು ೩೪,೦೦೦ ಅಡಿಗೆ ಏರಿಸಿ ಆಥೆನ್ಸಿನ ಬಳಿಗೆ ಒಯ್ದು ಅಲ್ಲಿ ಸುತ್ತು ಹಾಕಿಸತೊಡಗಿತು. ಗ್ರೀಸಿನ ಎರಡು ಯುದ್ಧವಿಮಾನಗಳು ಹತ್ತಿರ ಹೋಗಿ ನೋಡಿದುವು; ಒಬ್ಬ ಚಾಲಕನ ಆಸನವು ಬರಿದಾಗಿತ್ತು, ಇನ್ನೊಬ್ಬನು ಮುಂದಕ್ಕೆ ಬಾಗಿದ್ದನು. ಕೊನೆಯ ಹೊತ್ತಿನಲ್ಲಿ, ವಿಮಾನ ನಡೆಯಿಸುವ ಅನುಮತಿಪತ್ರವನ್ನು ಪಡೆದಿದ್ದ ಒಬ್ಬ ಪರಿಚಾರಕನು ಒಳಹೊಕ್ಕು ಚಾಲಕನ ಆಸನದಲ್ಲಿ ಕುಳಿತನು. ಅಷ್ಟರಲ್ಲಿ ಇಂಧನವು ತೀರಿತ್ತು. ಮಧ್ಯಾಹ್ನ ಹನ್ನೆರಡು ಗಂಟೆಯ ಸುಮಾರಿಗೆ ಗ್ರಾಮಾಟಿಕೋ ಎಂಬ ಊರಿನ ಬಳಿಯ ಗುಡ್ಡಕ್ಕೆ ವಿಮಾನವು ಬಡಿಯಿತು. ೧೨೧ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆಯನ್ನು ನಡೆಯಿಸಿದ ಗ್ರೀಸಿನ ಮಂಡಲಿಯು ಗುಂಡಿಯ ಸ್ಥಾನವನ್ನು ಪಟ್ಟಿಗಳನ್ನೋದುವಾಗ ಗುರುತಿಸದೆ ಹೋದುದನ್ನೂ ಎಚ್ಚರಿಕೆಗಳ ಅರ್ಥವನ್ನು ಗ್ರಹಿಸದೆ ಹೋದುದನ್ನೂ ನೇರವಾದ ಕಾರಣಗಳಲ್ಲಿ ಎಣಿಸಿತು. ೨೦೧೧ರಲ್ಲಿ ಅಮೆರಿಕದ ವಿಮಾನಾಡಳಿತವು ಇಂತಹ ವಿಮಾನಗಳಲ್ಲಿ ಕಹಳೆಯ ಎರಡು ಅರ್ಥಗಳಿಗೂ ಬೇರೆ ಬೇರೆ ದೀಪಗಳನ್ನು ಇಡಬೇಕೆಂದು ವಿಧಿಸಿತು. ನಾನಾರ್ಥವನ್ನು ಕಾವ್ಯಕ್ಕೆ ಬಿಟ್ಟು ಯಂತ್ರದಿಂದ ತೆಗೆದುಹಾಕಿದ ಈ ಕ್ರಮವು ಶ್ಲಾಘ್ಯವಾದುದು.

೮. ಫಲಿತಾಂಶ

ಇದುವರೆಗೆ ಹೇಳಿದುದರಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ದೋಷವು ಕಾಣತಕ್ಕ ಸ್ಥಿತಿಯನ್ನು ಉಂಟುಮಾಡದ ಪರೀಕ್ಷೆಯು ಪರೀಕ್ಷೆಯಲ್ಲ. ಪರೀಕ್ಷೆಯು ಹೇಳಿದುದನ್ನು ಕೇಳಬೇಕಾದವರಿಗೆ ತಿಳಿಯುವ ಭಾಷೆಯಲ್ಲಿ ಮುಟ್ಟಿಸದಿದ್ದರೆ ಅದು ನಿಷ್ಫಲ. ಪರೀಕ್ಷೆಯು ತಾನೂ ವಸ್ತುವಿನಲ್ಲಿ ಒಂದು ವಿಕಾರವನ್ನು ಮಾಡುತ್ತದೆ. ಆ ವಿಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡು ಹಿಂದಕ್ಕೆ ಸರಿಪಡಿಸುವವರೆಗೆ ಪರೀಕ್ಷೆಯು ಮುಗಿದಂತಾಗುವುದಿಲ್ಲ.

ಮೂರನೆಯದನ್ನು ಎಲ್ಲಕ್ಕಿಂತ ಸುಲಭವಾಗಿ ಮರೆಯುತ್ತೇವೆ. 'ಛಿದ್ರವಿಲ್ಲ' ಎಂಬ ಫಲವು ಕೈಗೆ ಬಂದೊಡನೆ ಮನಸ್ಸು ಕೆಲಸವು ತೀರಿತೆಂದು ಎದ್ದು ಹೋಗುತ್ತದೆ. ೨೦೨೪ರ ಜನವರಿ ೫ರಂದು ಅಮೆರಿಕದಲ್ಲಿ ಅಲಾಸ್ಕಾ ಕಂಪೆನಿಯ ವಿಮಾನವೊಂದರಲ್ಲಿ, ಬಾಗಿಲಿನ ಸ್ಥಾನವನ್ನು ಮುಚ್ಚಿದ್ದ ಹಲಗೆಯು ಸುಮಾರು ೧೬,೦೦೦ ಅಡಿಗಳ ಎತ್ತರದಲ್ಲಿ ಕಿತ್ತುಹೋಯಿತು. ದೈವಕೃಪೆಯಿಂದ ಯಾರೂ ಮಡಿಯಲಿಲ್ಲ. ಕಾರ್ಖಾನೆಯಲ್ಲಿ ಹತ್ತಿರದ ರಿವೆಟ್ಟುಗಳನ್ನು ಸರಿಪಡಿಸುವುದಕ್ಕಾಗಿ ಆ ಹಲಗೆಯನ್ನು ತೆರೆದವರು ಅದನ್ನು ಮುಚ್ಚುವಾಗ ನಾಲ್ಕು ಬೋಲ್ಟುಗಳನ್ನು ಮತ್ತೆ ಹಾಕಿರಲಿಲ್ಲವೆಂದು ತನಿಖೆಯಿಂದ ಹೊರಬಿದ್ದಿತು. ಅಲ್ಲಿಯೂ ಒಳ್ಳೆಯ ಉದ್ದೇಶದಿಂದಲೇ ತೆರೆದರು, ಕೆಲಸವೂ ನೆರವೇರಿತು, ತೆರೆದುದನ್ನು ಮೊದಲಿನಂತೆ ಮಾಡುವುದು ಉಳಿಯಿತು.

ನಮ್ಮ ಪೂಜಾಕ್ರಮದಲ್ಲಿ ಆವಾಹನೆಯನ್ನು ಮಾಡಿದವನು ಉದ್ವಾಸನೆಯನ್ನೂ ಮಾಡಿಯೇ ಏಳಬೇಕೆಂಬ ವಿಧಿಯುಂಟು. ಮಂಗಳಾರತಿಯಾಯಿತು, ಪ್ರಸಾದ ಸಿಕ್ಕಿತು, ಇನ್ನೇನೆಂದು ನಡುವೆ ಎದ್ದು ಹೋಗುವವರನ್ನು ಹಿರಿಯರು ತಡೆದು ಕೂರಿಸುತ್ತಿದ್ದರು. ಬಾಲ್ಯದಲ್ಲಿ ಅದು ನಮಗೆ ಬರಿಯ ಕಟ್ಟಳೆಯೆಂದು ತೋರುತ್ತಿತ್ತು. ಲಾರ್ನಕಾದಲ್ಲಿ ಆ ನಸುಕಿನಲ್ಲಿ ತಿರುಗಿಸದೆ ಉಳಿದ ಗುಂಡಿಯನ್ನು ನೆನೆದಾಗ, ಆರಂಭಿಸಿದುದನ್ನು ವಿಧಿಪೂರ್ವಕವಾಗಿ ಮುಗಿಸಬೇಕೆಂಬ ಹಿರಿಯರ ಹಟದಲ್ಲಿ ಎಷ್ಟು ವಿವೇಕವಿತ್ತೆಂಬುದು ತಿಳಿಯುತ್ತದೆ. ಗ್ರಂಥಸಂಪಾದನೆಯಲ್ಲಿ ಪಾಠವನ್ನು ಪರೀಕ್ಷಿಸುವ ನಾವೂ ಒಂದು ಅಕ್ಷರವನ್ನು ಸಂದೇಹದಿಂದ ಅಳಿಸಿ ನೋಡಿ, ಸಂದೇಹವು ತೀರಿದ ಮೇಲೆ ಅದನ್ನು ಮತ್ತೆ ಬರೆಯಲು ಮರೆಯುವುದುಂಟು. ನಮ್ಮ ಮರೆವಿನಿಂದ ಒಂದು ಪದ್ಯವು ಕೆಡುವುದು. ಅವರ ಮರೆವಿನಿಂದ ಕೆಟ್ಟುದು ನೂರಿಪ್ಪತ್ತೊಂದು ಮನೆಗಳು. ನ್ಯಾಯವು ಮಾತ್ರ ಎರಡು ಕಡೆಯೂ ಒಂದೇ.